ಅಂಗಳದ ಕಸವೂ ಊರಿನ ಕಾನೂನೂ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಬಲ್ಲವರು ಸಾಹಿತ್ಯವನ್ನು ಕುರಿತು ಮಾತನಾಡಿದ್ದಾರೆ, ದಾಸರ ಪದಗಳನ್ನು ಕುರಿತು ಮಾತನಾಡಿದ್ದಾರೆ. ಮ್ಯಾಟ್ರಿಕ್‌ವರೆಗೆ ಓದಿ ಹತ್ತಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ ಅವು ಎಟುಕುವ ವಿಷಯಗಳಲ್ಲ. ಆದರೆ ಕಾರ್ಯದರ್ಶಿಗಳು, "ನಿತ್ಯ ಕಣ್ಣಿಗೆ ಬೀಳುವ ಸಂಗತಿ ಒಂದನ್ನು ಹೇಳಿರಿ, ಸಾಕು" ಎಂದರು. ನಿತ್ಯ ಕಣ್ಣಿಗೆ ಬೀಳುವುದು ಮಾತ್ರವಲ್ಲ, ಕಣ್ಣಿನಲ್ಲಿ ನೀರನ್ನೂ ಬರಿಸುವ ಒಂದು ಸಂಗತಿ ಇದೆ. ಅದು ಅಂಗಳದ ಕಸಕ್ಕೆ ಬೆಂಕಿ ಹಚ್ಚುವುದು. ಇದನ್ನು ಕುರಿತು ಊರಿನ ಕಾನೂನು ಏನು ಹೇಳುತ್ತದೆ, ನಾವು ಏನು ಮಾಡುತ್ತಿದ್ದೇವೆ, ಮುಂದೆ ಏನು ಮಾಡಬಹುದು, ಈ ಮೂರು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಮಾಘ ಬಂತೆಂದರೆ ಮುಂಬಯಿಯ ಮರಗಳು ಎಲೆ ಚೆಲ್ಲತೊಡಗುತ್ತವೆ. ನಾಡಬಾದಾಮಿಯ ಎಲೆ ಕೆಂಪಗಾಗಿ ಉದುರುತ್ತದೆ. ಅದರ ಹಿಂದೆಯೇ ಅಶ್ವತ್ಥ, ಮಳೆಮರ. ನಸುಕಿನಲ್ಲಿ ಗುಡಿಸುವವರು ಬಂದು ಎಲೆಗಳನ್ನೆಲ್ಲ ಗೋಡೆಯ ಮೂಲೆಗೆ ರಾಶಿ ಮಾಡುತ್ತಾರೆ. ರಾಶಿ ಸೊಂಟದ ಎತ್ತರಕ್ಕೆ ಬೆಳೆಯುತ್ತದೆ. ಕಸದ ಗಾಡಿಯವನು ಅದನ್ನು ನೋಡಿ ಮುಖ ತಿರುಗಿಸಿ ಹೋಗುತ್ತಾನೆ. ಆಗ ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ. ಅರ್ಧ ಗಂಟೆಯಲ್ಲಿ ರಾಶಿ ಹೋಯಿತು, ಅಂಗಳ ಚೊಕ್ಕಟವಾಯಿತು. ಕಸ ಮಾತ್ರ ಎಲ್ಲಿಗೂ ಹೋಗಲಿಲ್ಲ. ನೆಲದ ಮೇಲಿದ್ದುದು ಮೂರನೆಯ ಮಹಡಿಯ ತೊಟ್ಟಿಲಿಗೆ ಹೋಯಿತು, ಅಷ್ಟೇ.

"ನಮ್ಮ ಊರುಗಳಲ್ಲಿ ಅಜ್ಜ ಮುತ್ತಜ್ಜಂದಿರ ಕಾಲದಿಂದ ಎಲೆ ಸುಡುತ್ತಿರಲಿಲ್ಲವೇ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಾವು ಊರನ್ನು ಸರಿಯಾಗಿ ನೆನಪು ಮಾಡಿಕೊಂಡರೆ ಉತ್ತರವೂ ಅಲ್ಲಿಯೇ ಸಿಗುತ್ತದೆ. ನಮ್ಮ ಹಳ್ಳಿಗಳಲ್ಲಿ ತರಗೆಲೆ ಕಸವಾಗಿರಲಿಲ್ಲ, ಅದು ಬದುಕಾಗಿತ್ತು. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಸೊಪ್ಪು, ದರಗು ತರಲೆಂದೇ ಸೊಪ್ಪಿನ ಬೆಟ್ಟಗಳನ್ನು ಬಿಟ್ಟುಕೊಡಲಾಗಿತ್ತು. ದರಗು ಕೊಟ್ಟಿಗೆಗೆ ಹೋಗಿ ದನದ ಕಾಲಡಿಯಲ್ಲಿ ಹಾಸಾಗಿ, ಸೆಗಣಿ ಗಂಜಳ ಕುಡಿದು ಗೊಬ್ಬರವಾಗಿ ತೋಟಕ್ಕೆ ಬರುತ್ತಿತ್ತು. ಕರಾವಳಿಯಲ್ಲಿ ಸುಡುಮಣ್ಣು ಮಾಡುವವರು ತರಗೆಲೆ, ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ಸುಡುತ್ತಿದ್ದರು. ಆ ಮಣ್ಣು ಗದ್ದೆಗೂ ತೆಂಗಿನ ಬುಡಕ್ಕೂ ಹೋಗುತ್ತಿತ್ತು. ತೆಂಗಿನ ಗರಿ ಬಚ್ಚಲಿನ ಹಂಡೆಯ ಒಲೆಗೆ ಬೀಳುತ್ತಿತ್ತು. ಅಲ್ಲಿ ಸುಟ್ಟರೂ ಒಂದು ಪ್ರಯೋಜನಕ್ಕಾಗಿ ಸುಟ್ಟರು, ಮನೆಗೂ ಮನೆಗೂ ನಡುವೆ ಒಂದು ಕೂಗಳತೆ ದೂರವಿತ್ತು. ಇಲ್ಲಿ ಒಂದು ಕಿಟಕಿಗೂ ಮತ್ತೊಂದು ಕಿಟಕಿಗೂ ನಡುವೆ ಎರಡು ಮಾರು ಜಾಗವಿಲ್ಲ. ಊರಿನಿಂದ ನಾವು ತಂದಿರುವುದು ಕಡ್ಡಿ ಗೀರುವ ಅಭ್ಯಾಸವನ್ನು ಮಾತ್ರ. ಎಲೆಯನ್ನು ಬಳಸುವ ಬುದ್ಧಿಯನ್ನು ಅಲ್ಲಿಯೇ ಬಿಟ್ಟುಬಂದಿದ್ದೇವೆ.

ಈಗ ಹೊಗೆಯ ಮಾತು. ಹೊಗೆ ಎಂದರೆ ಬರಿಯ ವಾಸನೆಯಲ್ಲ. ಎಲೆ ಒಳ್ಳೆಯ ಉರಿಯಿಂದ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಇಬ್ಬನಿ ಕುಡಿದ ಎಲೆಯಾದರೆ ಇನ್ನೂ ಹೆಚ್ಚು. ಉರಿ ಪೂರ್ತಿಯಾಗದ ಕಡೆ ಇಂಗಾಲದ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ, ಬಹು ಸಣ್ಣ ಕಣಗಳೂ ಹುಟ್ಟುತ್ತವೆ. ಗಾಳಿಯ ಪರೀಕ್ಷೆ ಮಾಡುವವರು 2.5 ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಬೇರೆಯಾಗಿ ಎಣಿಸುತ್ತಾರೆ. ತಲೆಕೂದಲಿನ ದಪ್ಪಕ್ಕೆ ಹೋಲಿಸಿದರೆ ಅವು ಸುಮಾರು ಮೂವತ್ತನೆಯ ಒಂದು ಪಾಲು. ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಗದೆ ನೇರವಾಗಿ ಪುಪ್ಪುಸದ ತಳಕ್ಕೆ ಇಳಿಯುವಷ್ಟು ಸಣ್ಣವು. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣಗಳು ಇಡೀ ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ನಮ್ಮ ದೇಶದಲ್ಲಿ 2009ರಲ್ಲಿ ಮಿತಿ ಹಾಕಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಬರಿಯ 15. ದಮ್ಮು ಇರುವವರು, ಹೃದಯದ ಬೇನೆಯವರು, ಎಳೆಯ ಮಕ್ಕಳು, ಗರ್ಭಿಣಿಯರು, ಇವರಿಗೆ ಪೆಟ್ಟು ಮೊದಲು.

ಅಲ್ಲದೆ, ಎಲೆಯ ರಾಶಿಯಲ್ಲಿ ಬರಿಯ ಎಲೆ ಇರುತ್ತದೆಯೇ? ಹಾಲಿನ ಚೀಲ, ಗುಟಕಾದ ಪೊಟ್ಟಣ, ಹಳೆಯ ಚಪ್ಪಲಿ, ತಂತಿಯ ಸಿಪ್ಪೆ, ಎಲ್ಲವೂ ಇರುತ್ತವೆ. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಹೀಗೆ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಡಯಾಕ್ಸಿನ್ ಎಂಬ ಘೋರ ವಿಷವೂ ಹೊರಡುತ್ತವೆ. ಕಾರ್ಖಾನೆಯ ಹೊಗೆಗೆ ಚಿಮಣಿ ಇದೆ, ಅದು ಮೇಲೆ ಹೋಗಿ ಚೆದರುತ್ತದೆ. ಅಂಗಳದ ಹೊಗೆಗೆ ಚಿಮಣಿ ಇಲ್ಲ, ಅದು ಮೂಗಿನ ಮಟ್ಟದಲ್ಲಿಯೇ ಅಲೆಯುತ್ತದೆ. ಚಳಿಗಾಲದ ಬೆಳಗಿನಲ್ಲಿ ನೆಲದ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರುವುದರಿಂದ ಹೊಗೆ ಮೇಲಕ್ಕೇಳದೆ ಮುಚ್ಚಳ ಹಾಕಿದಂತೆ ಕೆಳಗೇ ನಿಲ್ಲುತ್ತದೆ. ಎಲೆ ಉದುರುವ ಕಾಲವೂ ಅದೇ ಆಗಿರುವುದು ನಮ್ಮ ದುರ್ದೈವ.

ಬೆಂಕಿಯ ಭಯ ಬೇರೆಯೇ ಇದೆ. ಗಿರಣಿಯಲ್ಲಿ ಕೆಲಸ ಮಾಡುವವರು ಇದನ್ನು ಚೆನ್ನಾಗಿ ಬಲ್ಲರು. ಹತ್ತಿಯ ಅಂಡಿಗೆಯಲ್ಲಿ ಒಂದು ಕಿಡಿ ಹೊಕ್ಕರೆ ಹೊರಗೆ ಏನೂ ಕಾಣುವುದಿಲ್ಲ. ಒಳಗೊಳಗೆ ದಿನಗಟ್ಟಲೆ ಬೇಯುತ್ತಿದ್ದು ಗಾಳಿ ಸಿಕ್ಕ ಗಳಿಗೆಯಲ್ಲಿ ಭಗ್ಗನೆ ಏಳುತ್ತದೆ. ಆದುದರಿಂದಲೇ ಗಿರಣಿಯ ಬಾಗಿಲಲ್ಲಿ ಬೀಡಿ, ಬೆಂಕಿಪೊಟ್ಟಣ ಬಿಟ್ಟು ಒಳಗೆ ಬರಬೇಕೆಂಬ ಕಟ್ಟುನಿಟ್ಟು. ಒತ್ತಿ ಒಟ್ಟಿದ ಎಲೆಯ ರಾಶಿಯ ಸ್ವಭಾವವೂ ಹೀಗೆಯೇ. ಆರಿತೆಂದು ಹೋದ ಬೂದಿ ಸಂಜೆಯ ಗಾಳಿಗೆ ಎದ್ದು ನಿಲ್ಲಿಸಿದ ಸ್ಕೂಟರಿಗೆ ತಾಗಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. 2018ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಅಂಚಿನ ಒಣಹುಲ್ಲು ಹೊತ್ತಿಕೊಂಡಾಗ ಆರಿಸುವುದಕ್ಕೆ ಸೈನಿಕರೇ ಬರಬೇಕಾಯಿತು. 1927ರಿಂದ ಮುಂಬಯಿಯ ಕಸ ಹೊತ್ತ ದೇವನಾರಿನ ತಿಪ್ಪೆಗೆ 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ದಿನಗಟ್ಟಲೆ ಹೊಗೆ ನಿಲ್ಲಲಿಲ್ಲ. ಸುತ್ತಲಿನ ಶಾಲೆಗಳನ್ನು ಮುಚ್ಚಿದರು. ಚೆಂಬೂರು, ಗೋವಂಡಿಯ ಕಡೆಯಿಂದ ಬರುವ ನಮ್ಮ ಓದುಗರಿಗೆ ಆ ದಿನಗಳು ಮರೆತಿರಲಾರವು.

ಇನ್ನು ಕಾನೂನು. ಕಾನೂನೆಂದರೆ ವಕೀಲರ ಸೊತ್ತೆಂದು ತಿಳಿಯಬಾರದು. ಓದಲು ಬಂದವರೆಲ್ಲರೂ ಓದಬಹುದು. ಇಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಬಂದಿದೆ.

ಮೊದಲು ಸರಕಾರದ ಕಣ್ಣು ಬಿದ್ದುದು ನಮ್ಮ ಗಿರಣಿಗಳ ಚಿಮಣಿಗಳ ಮೇಲೆ. ಮುಂಬಯಿಯಲ್ಲಿ ಹೊಗೆಯ ಉಪದ್ರವದ ಕಾಯದೆ ಆದುದು 1912ರಲ್ಲಿ. ಅಂಗಳದ ಬೆಂಕಿಯ ಸರದಿ ಬಹಳ ತಡವಾಗಿ ಬಂತು. 1981ರ ವಾಯುಮಾಲಿನ್ಯ ಕಾಯದೆಯ 19ನೆಯ ಕಲಮು, ಇಂಧನವಲ್ಲದ ವಸ್ತುವನ್ನು ಸುಡುವುದರಿಂದ ಗಾಳಿ ಕೆಡುವುದಾದರೆ ಅದನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಕೊಟ್ಟಿತು. 1996ರಲ್ಲಿ ಬೆಂಗಳೂರಿನ ಇಂಜಿನಿಯರ್ ಶ್ರೀಮತಿ ಅಲ್ಮಿತ್ರಾ ಪಟೇಲರು ಊರುಗಳ ಕಸದ ದುರವಸ್ಥೆಯನ್ನು ಕುರಿತು ಸುಪ್ರೀಂ ಕೋರ್ಟಿಗೆ ಹೋದರು. ಅದರ ಹಿಂದೆಯೇ 2000ದಲ್ಲಿ ಪುರಸಭೆಗಳ ಕಸದ ನಿಯಮಗಳು ಬಂದವು. ಕಸವನ್ನೂ ಒಣ ಎಲೆಯನ್ನೂ ಸುಡಕೂಡದೆಂದು ಆ ನಿಯಮಗಳಲ್ಲಿಯೇ ಬರೆದಿತ್ತು. ಅಂದರೆ ಎಲೆಯ ಹೆಸರು ಕಾನೂನಿನಲ್ಲಿ ಬಂದು ಇಪ್ಪತ್ತೈದು ವರ್ಷ ಕಳೆದುವು. ಇನ್ನೂ ಅನೇಕರು, "ಪ್ಲಾಸ್ಟಿಕ್ ಸುಡಬಾರದು ನಿಜ, ಎಲೆಗೇನು?" ಎನ್ನುತ್ತಲೇ ಇದ್ದಾರೆ.

2015ರ ಏಪ್ರಿಲ್ 28ರಂದು ರಾಷ್ಟ್ರೀಯ ಹಸಿರು ನ್ಯಾಯಪೀಠವು ದಿಲ್ಲಿಯಲ್ಲಿ ಎಲೆ, ಪ್ಲಾಸ್ಟಿಕ್, ರಬ್ಬರು ಮೊದಲಾದುವನ್ನು ಬಯಲಿನಲ್ಲಿ ಸುಡುವವರು 5,000 ರೂಪಾಯಿ ಕೊಡಬೇಕೆಂದು ವಿಧಿಸಿತು. 2016ರ ಏಪ್ರಿಲಿನಲ್ಲಿ ಹೊಸ ಘನತ್ಯಾಜ್ಯ ನಿಯಮಗಳು ಬಂದವು. ತೋಟದ ಕಸವನ್ನು ಬೇರೆಯಾಗಿ ತಮ್ಮ ಆವರಣದಲ್ಲಿಯೇ ಕೂಡಿಟ್ಟು ಪುರಸಭೆ ಹೇಳಿದಂತೆ ವಿಲೇವಾರಿ ಮಾಡಬೇಕು. ತಮ್ಮ ಆವರಣದ ಹೊರಗಿನ ಬೀದಿ ಬಯಲುಗಳಲ್ಲಿ ಕಸವನ್ನು ಎಸೆಯಲೂಬಾರದು, ಸುಡಲೂಬಾರದು, ಹೂಳಲೂಬಾರದು ಎಂಬುದು ಅವುಗಳ ತಾತ್ಪರ್ಯ.

ಇಲ್ಲಿ ಕೆಲವರು ಒಂದು ಸಂದು ಹುಡುಕಿದರು. "ಆವರಣದ ಹೊರಗೆ ಎಂದಿದೆ, ನಾವು ಸುಡುವುದು ನಮ್ಮ ಕಾಂಪೌಂಡಿನ ಒಳಗೆ" ಎಂದರು. ಆ ಸಂದು ಹೆಚ್ಚು ದಿನ ಉಳಿಯಲಿಲ್ಲ. ಅದೇ ವರ್ಷ ಡಿಸೆಂಬರ್ 22ರಂದು, ಶ್ರೀಮತಿ ಪಟೇಲರ ಆ ಮೊಕದ್ದಮೆಯಲ್ಲಿಯೇ, ಹಸಿರು ನ್ಯಾಯಪೀಠವು ಇಡೀ ದೇಶಕ್ಕೆ ಅನ್ವಯಿಸುವಂತೆ ಕಸವನ್ನು ಬಯಲಿನಲ್ಲಿ ಸುಡುವುದನ್ನು ಪೂರ್ತಿಯಾಗಿ ನಿಷೇಧಿಸಿತು. ಸಾಧಾರಣ ಸುಡುವಿಕೆಗೆ 5,000, ದೊಡ್ಡ ಪ್ರಮಾಣದ್ದಕ್ಕೆ 25,000 ರೂಪಾಯಿ ಎಂದು ಗೊತ್ತುಮಾಡಿತು. 2016ರ ನಿಯಮಗಳ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಬೇರೆ ನಿಯಮಗಳು ಬರುವಂತೆ ಕೇಂದ್ರ ಸರಕಾರ ಪ್ರಕಟಿಸಿತು. ಕಸವನ್ನು ಎರಡು ಮೂರು ಪಾಲಲ್ಲ, ನಾಲ್ಕು ಪಾಲು ಮಾಡಬೇಕೆಂಬುದು ಅವುಗಳಲ್ಲಿ ಹೊಸತು.

ನಮ್ಮ ಮುಂಬಯಿಯ ಮಾತು ಹೇಳುವುದಾದರೆ, 2023ರ ಅಕ್ಟೋಬರಿನಲ್ಲಿ ಮಹಾನಗರಪಾಲಿಕೆಯು ಗಾಳಿಯ ಶುದ್ಧಿಗಾಗಿ ಹೊರಡಿಸಿದ ಸೂಚನೆಗಳಲ್ಲಿ ತನ್ನ ಮೇರೆಯೊಳಗೆ ಎಲ್ಲಿಯೂ ಕಸ ಸುಡಕೂಡದೆಂದು ಹೇಳಿತು. ಬಹುಕಾಲ 100 ರೂಪಾಯಿ ಇದ್ದ ದಂಡವನ್ನು 2025ರ ಏಪ್ರಿಲಿನಿಂದ 1,000 ರೂಪಾಯಿ ಮಾಡಿತು. ಇವೆಲ್ಲವೂ ಸಾಲದಿದ್ದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇದೆ. ಅದರ 287ನೆಯ ಕಲಮಿನ ಪ್ರಕಾರ, ಜನರ ಪ್ರಾಣಕ್ಕೆ ಅಪಾಯವಾಗುವಂತೆ ಬೆಂಕಿಯೊಡನೆ ಅಜಾಗರೂಕತೆಯಿಂದ ನಡೆದುಕೊಂಡವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ.

ಕಾನೂನು ಇಷ್ಟು ಸ್ಪಷ್ಟವಾಗಿದೆ. ಆದರೂ ನಾವು ಇಂದು ಈ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕಾರಣ ಕಾನೂನಲ್ಲ, ನ್ಯಾಯ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದಲು ಬರುವವರಷ್ಟೇ ಅಲ್ಲ, ಅರ್ಜಿ ಬರೆಸಿಕೊಳ್ಳಲು ಬರುವವರೂ ಇದ್ದಾರೆಂಬುದು ತಮಗೆ ಗೊತ್ತು. ಕಳೆದ ಚಳಿಗಾಲದಲ್ಲಿ ಯಾದಗಿರಿಯ ಕಡೆಯ ಒಬ್ಬ ತಾಯಿ ಬಂದರು. ಒಂದು ಸೊಸೈಟಿಯಲ್ಲಿ ಗುಡಿಸುವ ಕೆಲಸ. ಎಲೆಗೆ ಬೆಂಕಿ ಹಚ್ಚಿದ್ದಕ್ಕೆ ಸೊಸೈಟಿಗೆ ಸಾವಿರ ರೂಪಾಯಿ ದಂಡ ಬಿತ್ತು. ಸಮಿತಿಯವರು ಆ ಸಾವಿರವನ್ನು ಈಕೆಯ ಪಗಾರದಲ್ಲಿ ಮುರಿದುಕೊಂಡರು. ಸುಡಲು ಹೇಳಿದವರು ಯಾರೆಂದು ಕೇಳಿದೆವು. "ಪ್ರತಿ ವರ್ಷ ಅವ್ರೇ ಹೇಳ್ತಾರ್ರಿ, ಮಂದಿ ಏಳೂದ್ರಾಗ ಸುಟ್ಟು ಬಿಡು ಅಂತ" ಎಂದರು. ಆಮೇಲೆ ಅವರಾಡಿದ ಮಾತು ಅಂದು ಮೇಜಿನ ಸುತ್ತ ಕೂತ ನಮ್ಮೆಲ್ಲರ ಬಾಯಿ ಕಟ್ಟಿತು. "ಗಾಡ್ಯಾನವ್ರು ಎಲಿ ಹಾಕ್ಕೊಳ್ಳಲ್ಲ ಅಂತಾರ, ಸುಟ್ರ ದಂಡ ಅಂತಾರ. ಮತ್ತ ನಾ ಅದನ್ನ ಉಡ್ಯಾಗ ಕಟ್ಗೊಂಡು ಮನಿಗೆ ಒಯ್ಲೇನ್ರಿ ಅಣ್ಣಾರ?"

ಬಂಧುಗಳೇ, ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು. ಹಸಿರು ನ್ಯಾಯಪೀಠದ 2016ರ ಆಜ್ಞೆಯಲ್ಲಿ, ಸುಡುವಿಕೆಗೆ ಹೊಣೆಯಾದ ಯಾವುದೇ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಹಣ ತೆರಬೇಕೆಂದಿದೆ. ಕಡ್ಡಿ ಗೀರಿದ ಕೈ ಯಾರದೆಂದು ಮಾತ್ರ ಅದು ಕೇಳುವುದಿಲ್ಲ. ಕಸ ನಮ್ಮ ಮರದ್ದು, ಅಂಗಳ ನಮ್ಮದು, "ಸುಟ್ಟುಬಿಡು" ಎಂದ ನಾಲಿಗೆ ನಮ್ಮದು. ದಂಡ ಮಾತ್ರ ಆಕೆಯದೇ? ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರ ನಿಂತು ನುಂಗುವವಳೂ ಆಕೆಯೇ. ನಾವು ಆ ಆಜ್ಞೆಯ ಮಾತನ್ನು ತೋರಿಸಿ ಸಮಿತಿಗೆ ಅರ್ಜಿ ಬರೆದೆವು. ಮರು ತಿಂಗಳು ಹಣ ಹಿಂದಕ್ಕೆ ಬಂತು. ಸಮಿತಿಯಲ್ಲಿದ್ದವರು ಕೆಟ್ಟವರಲ್ಲ, ಯಾರೂ ಹಾಗೆ ಯೋಚಿಸಿರಲಿಲ್ಲ, ಅಷ್ಟೇ. ಆದರೆ ಎಲೆಯನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆ ಉಳಿದೇ ಉಳಿಯಿತು. ಜಾಗ ತೋರಿಸದೆ "ಸುಡಬೇಡ" ಎಂದರೆ ಅದು ಅರ್ಧ ಮಾತು. ಉಳಿದ ಅರ್ಧವನ್ನು ಈಗ ಹೇಳುತ್ತೇವೆ.

ಎಲೆಯನ್ನು ಗೊಬ್ಬರ ಮಾಡುವ ಶಾಸ್ತ್ರ ನಮಗೆ ಪರಕೀಯವಲ್ಲ. ಸರ್ ಆಲ್ಬರ್ಟ್ ಹೋವರ್ಡರು 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು, ನಮ್ಮ ರೈತರ ತಿಪ್ಪೆಗುಂಡಿಯನ್ನೂ ಚೀನದ ಪದ್ಧತಿಯನ್ನೂ ನೋಡಿ ಕಲಿತು ಇಂದೂರು ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ರಾಶಿಯನ್ನು ಆಗಾಗ ಮಗುಚಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯರು ಊರ ಕಸಕ್ಕೆಂದೇ ಮತ್ತೊಂದು ಪದ್ಧತಿಯನ್ನು ಕಂಡುಹಿಡಿದರು. ಗುಂಡಿಯಲ್ಲಿ ಕಸವನ್ನು ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತಿ ಬಿಟ್ಟರೆ ಮಗುಚುವ ಶ್ರಮವಿಲ್ಲ. ಆರರಿಂದ ಎಂಟು ತಿಂಗಳಿಗೆ ಗೊಬ್ಬರ ಸಿದ್ಧ. ಕೃಷಿಯ ಪುಸ್ತಕಗಳು ಅದನ್ನು ಕರೆಯುವುದೇ 'ಬೆಂಗಳೂರು ಪದ್ಧತಿ' ಎಂದು. ನಮ್ಮ ನಾಡಿನ ಹೆಸರು ಹೊತ್ತ ವಿದ್ಯೆ ಜಗತ್ತಿಗೆ ಗೊತ್ತಿದ್ದು ನಮ್ಮ ಅಂಗಳಕ್ಕೆ ಗೊತ್ತಿರದಿದ್ದರೆ ಹೇಗೆ?

ಗುಂಡಿ ತೋಡಲು ಜಾಗವಿಲ್ಲದ ಸೊಸೈಟಿಗೆ ತಂತಿಯ ಬಲೆಯ ಪಂಜರ ಸಾಕು. ಮೂರಡಿ ಅಗಲ, ಮೂರಡಿ ಎತ್ತರ. ತಳದಲ್ಲಿ ಗಾಳಿ ಆಡುವಂತೆ ಸಣ್ಣ ಕಡ್ಡಿಗಳನ್ನು ಹರವಬೇಕು. ಅದರ ಮೇಲೆ ಒಂದು ಗೇಣು ಒಣ ಎಲೆ, ಮೇಲೆ ತರಕಾರಿಯ ಸಿಪ್ಪೆ, ಹಸಿ ಹುಲ್ಲು ಅಥವಾ ಸೆಗಣಿಯ ನೀರು, ಒಂದು ಹಿಡಿ ಮಣ್ಣು ಅಥವಾ ಹಳೆಯ ಗೊಬ್ಬರ, ಮತ್ತೆ ಎಲೆ. ಹೀಗೇಕೆಂದರೆ, ಎಲೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಒಣ ಎಲೆಯಲ್ಲಿ ಇಂಗಾಲ ವಿಪರೀತ, ಸಾರಜನಕ ಕಡಿಮೆ. ಆ ಕೊರತೆಯನ್ನು ಹಸಿ ಪದಾರ್ಥ ತುಂಬುತ್ತದೆ. ನೀರು ಎಷ್ಟು? ಹಿಡಿಯಲ್ಲಿ ಹಿಂಡಿದರೆ ಹಿಂಡಿ ಒಣಹಾಕುವ ಪಂಚೆಯಂತಿರಬೇಕು. ತೊಟ್ಟಿಕ್ಕಬಾರದು, ಗರಿಗರಿಯೂ ಆಗಬಾರದು. ಹದಿನೈದು ದಿನಕ್ಕೊಮ್ಮೆ ಮಗುಚಬೇಕು. ಒಳಗೆ ಕೈ ಇಡಲಾರದಷ್ಟು ಬಿಸಿಯಾದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಬೇಕು. ದುರ್ವಾಸನೆ ಬಂದರೆ ನೀರು ಹೆಚ್ಚಾಯಿತು. ಒಣ ಎಲೆ ಬೆರೆಸಿ ಮಗುಚಿದರೆ ಸರಿಹೋಗುತ್ತದೆ. ಅನ್ನ, ಎಣ್ಣೆಯ ತಿಂಡಿ, ಮೀನು ಮಾಂಸ ಹಾಕಬಾರದು, ಇಲಿ ಬರುತ್ತವೆ. ಪುಡಿ ಮಾಡಿದ ಎಲೆ ಮೂರು ನಾಲ್ಕು ತಿಂಗಳಲ್ಲಿ ಮಾಗುತ್ತದೆ. ಮಾವು, ಹಲಸಿನಂಥ ದಪ್ಪ ಎಲೆಗೆ ಇನ್ನಷ್ಟು ಕಾಲ ಬೇಕು. ಮಳೆಗಾಲದಲ್ಲಿ ಮೇಲೆ ಒಂದು ತಗಡು ಹೊದಿಸಬೇಕು.

ಪಂಜರವೂ ಬೇಡವೆನ್ನುವವರಿಗೆ ಇನ್ನೂ ಸುಲಭದ ದಾರಿ ಇದೆ. ಎಲೆಯನ್ನು ಮರದ ಬುಡಕ್ಕೇ, ಕಾಂಡಕ್ಕೆ ತಾಗದಂತೆ ಸುತ್ತ ಹರಡಿದರೆ ಬೇಸಗೆಯಲ್ಲಿ ನೆಲದ ತೇವ ಉಳಿಯುತ್ತದೆ. ಮರ ಕೊಟ್ಟುದನ್ನು ಮರಕ್ಕೇ ತಿನ್ನಿಸಿದಂತಾಯಿತು. ಕಡಿದ ದಪ್ಪ ಕೊಂಬೆಗಳ ವಿಷಯ ಬೇರೆ. ಅವನ್ನು ಒಯ್ಯುವಂತೆ ಸಮಿತಿಯ ಕಾಗದದ ಮೇಲೆ ವಾರ್ಡ್ ಆಫೀಸಿಗೆ ಬರೆದು, ಕೊಟ್ಟುದಕ್ಕೆ ಸಹಿ ಪಡೆದು ಇಟ್ಟುಕೊಳ್ಳಬೇಕು. ಬಾಯಿಮಾತಿಗೆ ಗಾಡಿ ನಿಲ್ಲುವುದಿಲ್ಲ, ಬರೆದ ಕಾಗದಕ್ಕೆ ನಿಲ್ಲುತ್ತದೆ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಿ ಮುಗಿಸುತ್ತೇವೆ. ಒಂದು: "ಸೊಳ್ಳೆಗೆ ಬೇವಿನ ಹೊಗೆ ಒಳ್ಳೆಯದಲ್ಲವೇ?" ಸೊಳ್ಳೆ ಸ್ವಲ್ಪ ಹೊತ್ತು ದೂರ ಹೋಗಬಹುದು, ಹೊಗೆ ನಮ್ಮ ಎದೆಯಲ್ಲಿ ಉಳಿಯುತ್ತದೆ. ನಿಂತ ನೀರು ಚೆಲ್ಲಿ ಪರದೆ ಕಟ್ಟುವುದು ಮೇಲು. ಎರಡು: "ಚಳಿಯಲ್ಲಿ ರಾತ್ರಿಯ ಕಾವಲುಗಾರ ಎಲೆ ಹೊತ್ತಿಸಿ ಮೈ ಕಾಯಿಸಿಕೊಳ್ಳುತ್ತಾನೆ, ಅವನಿಗೂ ಬೇಡವೆನ್ನುವುದೇ?" ದಿಲ್ಲಿಯ ನಮ್ಮ ಬಂಧುಗಳಿಗೆ ಇದು ಗೊತ್ತು. ಅಲ್ಲಿ ಗಾಳಿ ಕೆಟ್ಟ ದಿನಗಳಿಗೆಂದು ಮಾಡಿದ ಕ್ರಮಗಳಲ್ಲಿ, ಕಾವಲುಗಾರರಿಗೆ ವಿದ್ಯುತ್ ಹೀಟರನ್ನು ನಿವಾಸಿಗಳ ಸಂಘವೇ ಕೊಡಬೇಕೆಂದಿದೆ. ಇದು ಸರಿಯಾದ ನಿಯಮ. ಬೇಡವೆನ್ನುವವನು ಬದಲಿಯನ್ನೂ ಒದಗಿಸಬೇಕು.

ಇಲ್ಲಿರುವವರಲ್ಲಿ ಬಹುಮಂದಿ ತಮ್ಮ ತಮ್ಮ ಸೊಸೈಟಿ, ಚಾಳುಗಳ ಸಮಿತಿಯಲ್ಲಿದ್ದೀರಿ. ತಮ್ಮಲ್ಲಿ ನಮ್ಮ ಬಿನ್ನಹ ಮೂರೇ. ಮುಂದಿನ ಮಾಘಕ್ಕೆ ಮೊದಲು ಎಲೆಗೆ ಒಂದು ಜಾಗ ಗೊತ್ತುಮಾಡಿರಿ. ಸುಡಬಾರದೆಂಬ ಸೂಚನೆಯನ್ನು ಗುಡಿಸುವವರಿಗೆ ತಿಳಿಯುವ ಭಾಷೆಯಲ್ಲಿ, ಸಮಿತಿಯ ಸಹಿಯೊಡನೆ, ಬರೆದು ಹಚ್ಚಿರಿ. ಯಾವ ಕಾರಣಕ್ಕೂ ದಂಡದ ಹಣವನ್ನು ಬಡವರ ಪಗಾರದಲ್ಲಿ ಮುರಿಯಬೇಡಿರಿ. ಸೂಚನೆಯ ಕನ್ನಡ ಪ್ರತಿಯನ್ನು ನಮ್ಮ ಸ್ವಯಂಸೇವಕರು ಬರೆದುಕೊಡುತ್ತಾರೆ. ವಾಚನಾಲಯದ ಮೇಜಿನ ಮೇಲೆ ಹೆಸರು ಬರೆದಿಟ್ಟರೆ ಸಾಕು, ಖರ್ಚು ಏನೂ ಇಲ್ಲ. ಪಂಜರ ಕಟ್ಟುವುದನ್ನು ನೋಡಬೇಕೆನ್ನುವವರು ರಜೆಯ ದಿನ ಬೆಳಿಗ್ಗೆ ಬಂದರೆ ನಾವು ಜೊತೆಯಲ್ಲಿ ನಿಂತು ಕಟ್ಟಿಕೊಡುತ್ತೇವೆ.